ನದಿಗೆ ಹೋಗಿ ಬರುತ್ತಿದ್ದ ಮಂಚ

ನಮ್ಮ ಮನೆಯ ಮಂಚ ದಿನಾ ಬೆಳಿಗ್ಗೆ ಎದ್ದು ನದಿಗೆ ಹೋಗುತ್ತಿತ್ತು, ಕತ್ತಲಾಗುವ ಹೊತ್ತಿಗೆ ಒದ್ದೆಯಾಗಿ ಮನೆಗೆ ಬರುತ್ತಿತ್ತು. ಈ ಮಾತು ಹೇಳಿದಾಗ ನನ್ನ ಅಳಿಯ ಪ್ರದೀಪ ನಕ್ಕ. ನಗಲಿ, ಅವನ ತಪ್ಪಲ್ಲ. ನಾವಿಬ್ಬರೂ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ನನ್ನ ಮನೆಯ ಗರಾಜಿನಲ್ಲಿ ನಿಂತಿದ್ದೆವು. ಅವನು ಯಾರೋ ಮುದುಕನಿಂದ ಕೊಂಡು ತಂದ ಸಣ್ಣ ಅಲ್ಯೂಮಿನಿಯಂ ದೋಣಿ ಟ್ರೇಲರಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಅಡ್ಡಕ್ಕೆ ಮೂರು ಬೆಂಚು. ಬೆಂಚುಗಳ ನಡುವೆ ಕಾಲಿಟ್ಟರೆ ಬರೀ ತಗಡು, ಹೆಜ್ಜೆಗೊಮ್ಮೆ ಡಬ್ಬದ ಹಾಗೆ ಸದ್ದು. ನಿಂತು ಗಾಳ ಹಾಕುವುದಕ್ಕೆ ಮಟ್ಟಸವಾದ ಜಾಗ ಬೇಕು, ಒಂದು ಡೆಕ್ ಮಾಡಿಕೊಡಿ ಎಂದು ಕೇಳಿದ್ದ. ಅವನು ಧಾರವಾಡದ ಕಡೆಯವನು, ಎಣ್ಣೆ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರಿನಲ್ಲಿ ಪೈಪುಗಳು ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಕೆಲಸ. ಅವರ ಮನೆಯಲ್ಲಿ ಪಕ್ಕದ ಮನೆಯ ಮೀನಿನ ವಾಸನೆ ಬಂದರೂ ಕಿಟಕಿ ಹಾಕುತ್ತಾರೆ. ಇವನು ಮೀನು ಹಿಡಿದು, ಫೋಟೋ ತೆಗೆದು, ವಾಪಸ್ಸು ನೀರಿಗೆ ಬಿಡುತ್ತಾನೆ. ನಮ್ಮವ್ವ ಇದ್ದಿದ್ದರೆ, ಬುಟ್ಟುಬುಟ್ಟಾ, ಸಾರಿಗೇನ್ ಮಾಡ್ದೆ, ಎಂದು ಕೇಳುತ್ತಿದ್ದಳು.

"ಮಾವಾರ, ಸ್ಕ್ರೂ ಹೊಡದು ಕುಂಡ್ರಿಸಿಬಿಡ್ರಿ. ಕೆಲಸ ಮುಗೀತು."

"ಆಗಲ್ಲಪ್ಪ. ಎತ್ತಿ ತೆಗೆಯೋ ಹಾಗಿರಬೇಕು."

"ಯಾಕ್ರಿ?"

"ರಾತ್ರಿ ಹಲಗೆ ಮನೆಗೆ ಬರಬೇಕು."

"ಮನಿಗೆ ಬಂದು ಏನ್ ಮಾಡ್ತದ್ರಿ ಅದು, ಊಟಾ ಮಾಡ್ತದೇನು?"

ಆಗಲೇ ನಾನು ಮಂಚದ ಮಾತು ಹೇಳಿದ್ದು. ಹೇಳಿ ಅರ್ಧಕ್ಕೇ ನಿಲ್ಲಿಸಿದೆ. ಇಡೀ ದಿನ ನಿಂತು ಕೆಲಸ ಮಾಡಿದ ಮೇಲೆ ಕಥೆ ಹೇಳುವ ಶಕ್ತಿ ಈಗ ಇರುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೈಸೂರು, ಮುಂಬಯಿ, ದುಬೈ, ಕೊನೆಗೆ ಹ್ಯೂಸ್ಟನ್ ಎಂದು ಉಳಿ ಸುತ್ತಿಗೆ ಹಿಡಿದುಕೊಂಡೇ ಬಂದವನು. ಇಲ್ಲಿ ಮನೆಗಳೆಲ್ಲ ಮರದ ಚೌಕಟ್ಟಿನವು. ಈ ಊರಿನಲ್ಲಿ ಎಷ್ಟು ಮನೆಗಳ ಎಲುಬು ನನ್ನ ಕೈಯದು ಎಂದು ಕೇಳಿದರೆ ಗೊತ್ತಿಲ್ಲ, ಆದರೆ ಒಂದೂ ವಾಲಿಲ್ಲ. ಯಾರ ಮುಂದೆಯೂ ಕೈ ಚಾಚಿಲ್ಲ. ಈಗ ಮಂಡಿ ಎರಡೂ ಮಾತು ಕೇಳುವುದಿಲ್ಲ, ಬಗ್ಗಿದರೆ ಏಳುವುದಕ್ಕೆ ಏನನ್ನಾದರೂ ಹಿಡಿದುಕೊಳ್ಳಬೇಕು. ಹೆಂಡತಿ ಚಿಕ್ಕ ಮಗಳ ಬಾಣಂತನಕ್ಕೆಂದು ಅವಳ ಊರು ರೌಂಡ್ ರಾಕ್‌ನಲ್ಲಿದ್ದಾಳೆ. ಫೋನಿನಲ್ಲೇ ಬೈಯುತ್ತಾಳೆ, ಇನ್ನೂ ಮರ ಕೊಯ್ಕೊಂಡು ಕೂತಿದ್ದೀರಾ ಎಂದು. ಇದೊಂದು ಮುಗಿಸಿ ಗರಗಸ ಕೆಳಗಿಡುತ್ತೇನೆ ಎಂದಿದ್ದೇನೆ. ಪ್ರದೀಪನಿಗೆ ಹೇಳದೆ ನಿಲ್ಲಿಸಿದ್ದನ್ನು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ನಮ್ಮಪ್ಪ ಕಪಿಲಾ ನದಿಯಲ್ಲಿ ದೋಣಿ ದಾಟಿಸುತ್ತಿದ್ದ. ಅಗಲವಾದ, ಮಟ್ಟಸ ತಳದ ದೋಣಿ. ಜನ ದಾಟುವುದಕ್ಕೆ ಏನೂ ಬೇಡ, ಹತ್ತಿ ಕುಕ್ಕರುಗಾಲಿನಲ್ಲಿ ಕೂತರೆ ಸಾಕು. ಗಾಡಿ ದಾಟಿಸುವುದಕ್ಕೆ ಮಾತ್ರ ಈ ಅಂಚಿನಿಂದ ಆ ಅಂಚಿಗೆ ನಾಲ್ಕು ದಪ್ಪ ಹಲಗೆ ಹಾಸಬೇಕಿತ್ತು. ಎತ್ತು ಬಿಚ್ಚಿ ಈಜಲು ಬಿಟ್ಟು, ಗಾಡಿಯನ್ನು ಹಲಗೆಯ ಮೇಲೆ ಏರಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ದೋಣಿ ಮಾಡಿದ ಬಡಗಿ ಹಲಗೆ ಎಷ್ಟು ಉದ್ದ ಇರಲಿ ಎಂದು ಕೇಳಿದಾಗ ಅಪ್ಪ ಮಾತಾಡದೆ ಮರಳಿನ ಮೇಲೆ ಅಂಗಾತ ಮಲಗಿ, ಇಷ್ಟು, ಎಂದನಂತೆ. ತಲೆಯ ಹತ್ತಿರ ಒಂದು ಗೆರೆ, ಕಾಲಿನ ಹತ್ತಿರ ಒಂದು ಗೆರೆ. ಆರಡಿ. ಹಲಗೆಯ ಅಳತೆಗೆ ದೋಣಿಯ ಅಗಲ ಬಂತು. ಇದು ಹುಚ್ಚಾಟವಲ್ಲ. ರಾತ್ರಿ ಹೊಳೆಯ ದಡದಲ್ಲಿ ಹಲಗೆ ಬಿಟ್ಟರೆ ಬೆಳಿಗ್ಗೆ ಅದು ಯಾರದೋ ಮನೆಯ ಬಾಗಿಲಾಗಿರುತ್ತಿತ್ತು. ಆದ್ದರಿಂದ ಕೊನೆಯ ಗಾಡಿ ದಾಟಿದ ಮೇಲೆ ಅವು ಮನೆಗೆ ಬರಲೇಬೇಕು. ಮನೆಗೆ ಬಂದ ಮೇಲೆ ಸುಮ್ಮನೆ ಯಾಕಿರಬೇಕು?

ನಮ್ಮ ಮನೆ ಎರಡು ಅಂಕಣದ್ದು. ಮುಂದಿನದರಲ್ಲಿ ಒಲೆ, ಬೀಸುವ ಕಲ್ಲು, ಮೂಲೆಯಲ್ಲಿ ಗೂಡೆ ಮುಚ್ಚಿದ ಕೋಳಿಗಳು. ಹಿಂದಿನದರಲ್ಲಿ ಗೋಡೆಯುದ್ದಕ್ಕೂ ಅಪ್ಪ ನಾಲ್ಕು ಕಲ್ಲು ಹೂತಿದ್ದ, ಅದರ ಮೇಲೆ ಹಲಗೆ ಜೋಡಿಸಿದರೆ ಮಂಚ. ಹಲಗೆಯನ್ನು ಅಪ್ಪ ಅವ್ವ ಇಬ್ಬರೂ ಹೊರುತ್ತಿದ್ದರು, ಒಂದರ ಮೇಲೊಂದು ಎರಡು, ಎರಡು ಸಲ. ಮುಂದಿನ ತುದಿ ಅಪ್ಪನದು, ಹಿಂದಿನ ತುದಿ ಅವ್ವನದು. ದಿನದ ಜಗಳವೆಲ್ಲ ಆ ದಾರಿಯಲ್ಲೇ ನಡೆಯುತ್ತಿತ್ತು. ಅವ್ವ ಅಪ್ಪನ ಬೆನ್ನಿಗೆ ಬೈಯುತ್ತಿದ್ದಳು, ಅಪ್ಪ ಎದುರಿನ ಗಾಳಿಗೆ ಉತ್ತರ ಕೊಡುತ್ತಿದ್ದ. ಮನೆಗೆ ಬಂದ ಮೇಲೆ ಬಿಸಿನೀರು ಚೆಲ್ಲಿ ಸಗಣಿ, ಕೆಸರು ತೊಳೆದು ಹಳೇ ಸೀರೆಯಿಂದ ಒರೆಸುವುದು ಅವ್ವನ ಕೆಲಸ. ಮುದ್ದೆ ಉಂಡು ಅದರ ಮೇಲೆ ಮಲಗಿದರೆ ಅಡಿಯಿಂದ ಇನ್ನೂ ಹೊಳೆಯ ತಂಪು ಏಳುತ್ತಿತ್ತು. ಕೋಳಿ ಕೂಗುವ ಮೊದಲೇ ಅಪ್ಪ ನನ್ನ ಕಾಲು ಹಿಡಿದು ಎಳೆಯುತ್ತಿದ್ದ, ಏಳ್ಲಾ, ದೋಣಿ ಕಾಯ್ತಾ ಅದೆ, ಎಂದು. ನಾನು ನೆಲಕ್ಕೆ ಬಿದ್ದು ಮತ್ತೆ ಮಲಗುತ್ತಿದ್ದೆ. ಅವ್ವ ಮಲಗುವಂತಿರಲಿಲ್ಲ, ಹಿಂದಿನ ತುದಿ ಅವಳದಲ್ಲವೇ.

ವರ್ಷಕ್ಕೊಂದು ದಿನ ಹಲಗೆ ಮನೆಯಲ್ಲೇ ಉಳಿಯುತ್ತಿತ್ತು, ಆಯುಧಪೂಜೆಯ ದಿನ. ಹುಟ್ಟು, ಜಲ್ಲೆ, ಹಗ್ಗ, ಹಲಗೆ ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಅಪ್ಪ ಹೊಸ ಪಂಚೆ ಉಟ್ಟು ಊರೊಳಗೆ ಹೋಗುತ್ತಿದ್ದ. ಆ ಮಧ್ಯಾಹ್ನ ಅವ್ವ ಬಾಗಿಲು ಮುಂದೆ ಮಾಡಿ ಹಲಗೆಯ ಮೇಲೆ ಮಲಗುತ್ತಿದ್ದಳು. ಹಗಲು ಹೊತ್ತು ಅವ್ವ ಮಲಗಿದ್ದನ್ನು ನಾನು ಕಂಡಿದ್ದು ಅದೊಂದೇ ದಿನ. ಎದ್ದಾಗ ಬೆನ್ನಿನ ಸೀರೆಯೆಲ್ಲ ಕುಂಕುಮ.

"ದೇವ್ರಿಗೆ ಇಟ್ಟ ಕುಂಕ್ಮ ಎಲ್ಲಾ ನಿನ್ನ ಬೆನ್ನಿಗಾಯ್ತಲ್ಲೇ!" ಎಂದು ಅಪ್ಪ ರೇಗಿಸುತ್ತಿದ್ದ.

"ನಿನ್ನ ಹಲ್ಗೆ ಹೊತ್ತಿರೋದು ನನ್ನ ಬೆನ್ನು. ಪೂಜೆ ಅದಕ್ಕೇ ಆಗ್ಬೇಕು, ಸರಿಯಾಗೇ ಆಯ್ತು ಬುಡು."

ನನ್ನ ತಂಗಿ ಹುಟ್ಟಿದ್ದು ಮಳೆಗಾಲದಲ್ಲಿ. ಹೊಳೆ ಮೇಲೆ ಬಂದು ನಮ್ಮ ಮನೆಯ ನೆಲ ಒಳಗಿಂದಲೇ ಬೆವರುತ್ತಿತ್ತು. ಚಾಪೆ ಎತ್ತಿದರೆ ಅಡಿಯಲ್ಲಿ ನೀರಿನ ಗುರುತು. ಹೆರಿಗೆಯಲ್ಲಿ ಅವ್ವನ ಸೊಂಟ ಹಿಡಿದುಕೊಂಡಿತು, ಮೇಲಿಂದ ಜ್ವರ. ಸೂಲಗಿತ್ತಿ ಸಿದ್ದಮ್ಮ ಬಂದು ನೆಲ ಮುಟ್ಟಿ ನೋಡಿ ಅಪ್ಪನನ್ನು ಕರೆದಳು.

"ಈ ನೆಲದ ಮ್ಯಾಲೆ ಇವಳು ಹಗಲೂ ಮಲಗಬಾರ್ದು, ರಾತ್ರೇನೂ ಮಲಗಬಾರ್ದು. ಶೀತ ಎದೆಗೇರಿದ್ರೆ ನನ್ನ ಕರೀಬ್ಯಾಡ, ಬೇರೆಯವ್ರನ್ನ ಕರೆಯೋದಾಯ್ತದೆ. ಹಲ್ಗೆ ಮ್ಯಾಲೇ ಇರ್ಲಿ."

ರಾತ್ರಿಯೇನೋ ಸರಿ. ಹಗಲು ಹಲಗೆ ಎಲ್ಲಿಂದ ಬರಬೇಕು? ಹಲಗೆ ಹೊಳೆಗೆ ಹೋಗದಿದ್ದರೆ ಗಾಡಿ ದಾಟುವುದಿಲ್ಲ, ಗಾಡಿ ದಾಟದಿದ್ದರೆ ನಮ್ಮ ಒಲೆಯಿಲ್ಲ. ಮೊದಲ ದಿನಗಳು ಅವ್ವ ಅಪ್ಪನ ಹೆಜ್ಜೆ ಕೇಳಿ ತಾನೇ ಎದ್ದು ಗೋಡೆಗೆ ಒರಗಿ ಕೂರುತ್ತಿದ್ದಳು, ಮಗು ಎತ್ತಿಕೊಂಡು. ಅವಳ ತುದಿಯನ್ನು ನಾನು ಹಿಡಿಯುತ್ತಿದ್ದೆ. ನಾನು ಗಿಡ್ಡ, ಭಾರವೆಲ್ಲ ಜಾರಿ ನನ್ನ ಕಡೆಗೇ ಬರುತ್ತಿತ್ತು. ಸಂಜೆ ಹಲಗೆ ಬರುವವರೆಗೂ ಅವಳು ಹಾಗೇ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಒಳಗೆ ಬಂದಾಗ ಅವಳಿಗೆ ಎಚ್ಚರವಾಗಲಿಲ್ಲ. ಅಪ್ಪ ಹಲಗೆಯ ತುದಿಗೆ ಕೈಯಿಟ್ಟು ನಿಂತ. ನಾನು ನನ್ನ ತುದಿಗೆ ಹೋದೆ. ಅಪ್ಪ ಬೇಡ ಎಂದು ತಲೆಯಾಡಿಸಿ, ಹುಟ್ಟು ಮಾತ್ರ ತೆಗೆದುಕೊಂಡು ಹೊರಟ. ನಾನು ಹಿಂದೆ ಹೋದೆ. ದಡದಲ್ಲಿ ಶೆಟ್ಟರ ಬೆಲ್ಲದ ಗಾಡಿ ಆಗಲೇ ಬಂದು ನಿಂತಿತ್ತು, ಶೆಟ್ಟರೇ ಮುಂದೆ ಕೂತಿದ್ದರು.

"ಏನಯ್ಯಾ, ಹಲ್ಗೆ ಎಲ್ಲಿ?"

"ಇವತ್ತು ಹಲ್ಗೆಗೆ ಜ್ವರ ಸ್ವಾಮಿ."

"ಏನು?"

"ಜ್ವರ. ಮಲೀಕಂಡದೆ."

ದಡದಲ್ಲಿದ್ದವರೆಲ್ಲ ನಕ್ಕರು. ಶೆಟ್ಟರೂ ನಗುತ್ತ ಕೇಳಿದರು:

"ಯಾವಾಗ ಇಳಿಯುತ್ತಂತೆ?"

"ಅದೇ ಎದ್ದು ಬಂದಾಗ."

ಅಪ್ಪನ ಸ್ವಭಾವ ಅದು. ಹೆಂಡತಿಗೆ ಹುಷಾರಿಲ್ಲ ಎಂದು ಹತ್ತು ಜನರ ಮುಂದೆ ಹೇಳಿ ಅಯ್ಯೋ ಎನ್ನಿಸಿಕೊಳ್ಳುವ ಗಂಡಸಲ್ಲ. ಜನ ನಕ್ಕರೆ ಪರವಾಗಿಲ್ಲ, ಅಯ್ಯೋ ಎನ್ನಬಾರದು. ಈ ಒಂದು ಗುಣ ನನಗೂ ಬಂದಿದೆ, ಅದರಿಂದ ಸುಖಪಟ್ಟಿದ್ದೇನೆ ಎಂದು ಹೇಳಲಾರೆ. ಅವತ್ತಿನಿಂದ ಅಪ್ಪ ಬರೀ ಜನರನ್ನು ದಾಟಿಸಿದ. ಶೆಟ್ಟರು ಎರಡು ದಿನ ನಗುತ್ತ ಕಾದರು, ಆಮೇಲೆ ಕೆಳಗಿನ ಊರಿನ ದೋಣಿಗೆ ಗಾಡಿ ತಿರುಗಿಸಿದರು. ಮಿಕ್ಕ ಗಾಡಿಗಳೂ ಅವರ ಹಿಂದೆ ಹೋದವು. ಮುದ್ದೆ ಚಿಕ್ಕದಾಯಿತು, ಸಾರು ತೆಳ್ಳಗಾಯಿತು. ಅವ್ವನಿಗೆ ಬಾಣಂತಿಯೆಂದು ಕೊಡುವ ಬೆಳ್ಳುಳ್ಳಿ ಸಾರು ಮಾತ್ರ ತಪ್ಪಲಿಲ್ಲ. ಮಳೆಗೆ ಗಾಡಿ ನಿಂತಿವೆ ಎಂದು ಅಪ್ಪ ಅವಳಿಗೆ ಹೇಳಿದ್ದ. ಅವಳ ಜ್ವರ ಇಳಿದು, ಮುಖಕ್ಕೆ ಬಣ್ಣ ಬಂತು. ಹಾಗಿರುವಾಗ ಸಿದ್ದಮ್ಮ ಒಂದು ದಿನ ಬಂದು, ಹೊಳೆ ದಡದಲ್ಲೆಲ್ಲ ನಿಮ್ಮ ಹಲ್ಗೆ ಜ್ವರದ್ದೇ ಮಾತು, ಎಂದು ನಗುತ್ತ ಎಲ್ಲ ಹೇಳಿಬಿಟ್ಟಳು.

ಅಪ್ಪ ಊಟಕ್ಕೆ ಬಂದಾಗ ಅವ್ವ ಹಲಗೆಯಿಂದ ಇಳಿದು ನಿಂತಿದ್ದಳು. ಮಗುವನ್ನು ನನ್ನ ಕೈಗೆ ಕೊಟ್ಟಿದ್ದಳು. ಒಂದು ಹಲಗೆಯ ತುದಿ ಹಿಡಿದು ದರದರ ಎಳೆದುಕೊಂಡು ಬಾಗಿಲಿನವರೆಗೆ ತಂದಿದ್ದಳು.

"ಯಾರ್ ಕೇಳಿದ್ರು ನಿನ್ನ? ನಾನು ಕೇಳಿದ್ನಾ?"

"ನೀನು ಮಲಗು."

"ಗಾಡಿ ಎಲ್ಲಾ ಓಡಿಸ್ಕೊಂಡು, ಊರವ್ರ ಕೈಲೆಲ್ಲಾ ನಗಿಸ್ಕೊಂಡು... ನಾನೇನು ರಾಣಿನಾ? ನಡಿ, ಎತ್ತು."

ಅಪ್ಪ ಬಂದು ಆ ಹಲಗೆಯ ಮೇಲೆ ಕೂತುಬಿಟ್ಟ, ಚಕ್ಕಳಮಕ್ಕಳ ಹಾಕಿ, ಹೊಸ್ತಿಲಿಗೆ ಅಡ್ಡಲಾಗಿ.

"ಎದ್ದೇಳು."

"ನನ್ನನ್ನೂ ಸೇರಿಸ್ಕೊಂಡು ಹೊತ್ಕೊಂಡ್ ಹೋಗು."

ಅವ್ವ ಎಳೆದಳು. ಹಲಗೆ ಅಲುಗಲಿಲ್ಲ. ಮತ್ತೆ ಎಳೆದಳು, ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು, ಅಳುವುದಕ್ಕೆ ಶುರುಮಾಡಿ ನಡುವೆಯೇ ನಕ್ಕಳು. ಅಪ್ಪ ಮಾತ್ರ ಕೂತೇ ಇದ್ದ, ಊಟವನ್ನೂ ಅಲ್ಲೇ ಕೂತು ಉಂಡ. ಮಗು ನನ್ನ ತೋಳಿನಲ್ಲಿ ಒದ್ದೆ ಮಾಡಿತು. ಆ ಹೊಸ್ತಿಲು ದಾಟಲಾಗದೆ ಒಳಗೆ ನಿಂತಾಗಲೇ ನನಗೆ ಲೆಕ್ಕ ಹೊಳೆಯಿತು: ನಮ್ಮ ಮನೆಗೆ ಇನ್ನೂ ನಾಲ್ಕು ಹಲಗೆ ಬೇಕು. ಅಷ್ಟೇ. ಶಾಲೆಯ ದಾರಿ ಆ ಹಲಗೆಗಳ ಹತ್ತಿರ ಹೋಗುವುದಿಲ್ಲ.

ಹೊಳೆಯಾಚೆ ಬಾಷಾ ಸಾಬರ ಮರ ಕೊಯ್ಯುವ ಮಿಲ್ಲಿತ್ತು. ಮಾರನೆಯ ದಿನ ಶಾಲೆಯ ಚೀಲ ಹಿಡಿದುಕೊಂಡೇ ಅಲ್ಲಿಗೆ ಹೋದೆ.

"ಕೆಲಸ ಮಾಡ್ತೀನಿ. ಕೂಲಿ ಬ್ಯಾಡ, ಹಲ್ಗೆ ಕೊಡಿ. ಆರಡಿದು, ನಾಕು."

"ಹಲಗೆ ತಗೊಂಡು ಏನ್ ಮಾಡ್ತೀಯೋ?"

"ನಮ್ಮವ್ವ ಮಲಗಾಕೆ."

ಸಾಬರು ಮೆಷಿನ್ ನಿಲ್ಲಿಸಿದರು. ನನ್ನನ್ನು ಕೂರಿಸಿ, ನೀರು ತರಿಸಿ, ತಲೆ ಸವರಿದರು.

"ಅಯ್ಯೋ ಮಗನೇ. ಯಾವಾಗ ಹೋದ್ರು?"

"ಎಲ್ಲಿಗೂ ಹೋಗಿಲ್ಲ. ಮನೇಲೇ ಅವ್ಳೆ. ಬೈತಾ ಅವ್ಳೆ."

ಗೋರಿಗೆ ಹಾಸುವ ಹಲಗೆ ಎಂದುಕೊಂಡಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಕೆಲಸ ಕೊಟ್ಟರು. ಹೊಟ್ಟು ಬಾಚುವುದರಿಂದ ಶುರುವಾಗಿ, ದಿಮ್ಮಿ ಉರುಳಿಸಿ, ಮರದ ಎಳೆ ನೋಡುವುದನ್ನು ಕಲಿತೆ. ಬೇಸಿಗೆ ಬರುವ ಹೊತ್ತಿಗೆ ಹಲಗೆಗಳೂ ಆದವು, ಮತ್ತಿ ಮರದವು, ಅವ್ವನಿಗೆ ಚುಚ್ಚದಂತೆ ನಾನೇ ಹತ್ತರಿ ಹಿಡಿದು ನಯ ಮಾಡಿದವು. ಅಪ್ಪನ ದೋಣಿಯಲ್ಲೇ ದಾಟಿಸಿಕೊಂಡು ಬಂದೆ. ಅಪ್ಪ ಹಲಗೆಗಳನ್ನು ನೋಡಿದ, ನನ್ನ ಕೈ ನೋಡಿದ. ಶಾಲೆಯ ವಿಷಯ ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಅವ್ವನಿಗೆ ಹಳೆಯ ಹಲಗೆ, ದೋಣಿಗೆ ಹೊಸ ಹಲಗೆ. ಹಾಗೆಂದೇ ನಾನು ಎಣಿಸಿದ್ದೆ. ಆದರೆ ಮಂಚದ ಕಲ್ಲಿನ ಮೇಲೆ ಹಳೆಯವು ಕೂತ ಮೇಲೆ ಹೊಸವಕ್ಕೆ ಮನೆಯಲ್ಲಿ ಜಾಗವಿಲ್ಲ. ನಾನು ಮಿಲ್ಲಿನಿಂದ ಬರುವುದು ಕತ್ತಲಾದ ಮೇಲೆ, ಅವ್ವನ ಸೊಂಟ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ, ಅಪ್ಪನೊಬ್ಬನೇ ಹೊರುವಂತಿಲ್ಲ. ಬಿಟ್ಟು ಬಂದರೆ ಕಳ್ಳರ ಪಾಲು. ಹಾಗಾಗಿ ಅಪ್ಪ ಹಲಗೆ ಕಾಯಲು ದೋಣಿಯಲ್ಲೇ ಮಲಗತೊಡಗಿದ. ಗಾಡಿಗಳು ಮರಳಿ ಬಂದವು, ಮುದ್ದೆ ದೊಡ್ಡದಾಯಿತು, ಅಪ್ಪ ಮನೆಯಲ್ಲಿಲ್ಲ. ಅವ್ವ ಹಲಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಬೆನ್ನಿಗೆ ಬೈಯಲು ಬೆನ್ನಿರಲಿಲ್ಲ.

"ಹಲ್ಗೆ ಬಂತು, ಆಳು ಹೋಯ್ತು," ಎಂದಳು ಒಂದು ಸಲ. ನನಗೇ ಹೇಳಿದ್ದೋ, ಗೋಡೆಗೆ ಹೇಳಿದ್ದೋ.

ಒಂದು ಸಂಜೆ ಮಿಲ್ಲಿನಿಂದ ಬೇಗ ಬಿಟ್ಟಿದ್ದರು, ನಾನು ದೋಣಿ ಇಳಿಯುತ್ತಿದ್ದೆ. ಅವ್ವ ಸೆರಗು ಸಿಕ್ಕಿಸಿಕೊಂಡು ದಡಕ್ಕೆ ಬಂದಳು. ನೆಟ್ಟಗೆ ದೋಣಿಯ ಹತ್ತಿರ ಹೋಗಿ ಹೊಸ ಹಲಗೆಯ ಹಿಂದಿನ ತುದಿಗೆ ಕೈ ಹಾಕಿದಳು.

"ಎತ್ತು."

"ಮನೇಲಿ ಜಾಗ ಎಲ್ಲದೆ?"

"ಜಾಗ ನಾನು ನೋಡ್ಕತೀನಿ. ನೀನು ಎತ್ತು."

"ನಿನ್ನ ಸೊಂಟ..."

"ನನ್ನ ಸೊಂಟದ ಯೋಚ್ನೆ ಮಾಡಿ ಮಾಡಿ ನೀನು ಹೊಳೆ ಪಾಲಾದೆ. ಎತ್ತು ಅಂದ್ರೆ."

ನಡುವೆ ನಾನು ಹೆಗಲು ಕೊಟ್ಟೆ. ದಾರಿಯುದ್ದಕ್ಕೂ ಅವಳು ಬೈದಳು, ಒಂದು ಮಳೆಗಾಲದ್ದೂ ಒಂದು ಚಳಿಗಾಲದ್ದೂ ಬಾಕಿ ಬೈಗುಳ. ಅಪ್ಪ ಗಾಳಿಗೆ ಉತ್ತರ ಕೊಟ್ಟ. ಮನೆಯಲ್ಲಿ ಅವಳು ಹೊಸ ಹಲಗೆಗಳನ್ನು ಮಂಚದ ಪಕ್ಕದಲ್ಲೇ ಇಟ್ಟಿಗೆಯ ಮೇಲೆ ಹಾಸಿದಳು. ಆ ಕೋಣೆಯಲ್ಲಿ ಕಾಲಿಡಲು ನೆಲವೇ ಉಳಿಯಲಿಲ್ಲ, ಬಾಗಿಲಿನಿಂದ ಗೋಡೆಯವರೆಗೂ ಹಲಗೆ. ತಂಗಿ ಅದರ ಮೇಲೆ ಈ ತುದಿಯಿಂದ ಆ ತುದಿಗೆ ಅಂಬೆಗಾಲಿಟ್ಟಳು. ಬೆಳಿಗ್ಗೆ ಹೊಸವು ಹೊಳೆಗೆ ಹೋದವು, ಹಳೆಯವು ಅವ್ವನ ಜೊತೆ ಉಳಿದವು. ಅವತ್ತು ಮಧ್ಯಾಹ್ನ ಅವಳು ನಿದ್ದೆ ಮಾಡಿದಳೆಂದು ಸಿದ್ದಮ್ಮ ಹೇಳಿದಳು. ನಾನು ನೋಡಲಿಲ್ಲ, ಮಿಲ್ಲಿನಲ್ಲಿದ್ದೆ. ಆಮೇಲೆ ನಾನು ಯಾವಾಗಲೂ ಯಾವುದೋ ಮಿಲ್ಲಿನಲ್ಲೇ ಇದ್ದೆ.

ಈಗ ಗರಾಜಿನ ಡೆಕ್ಕಿಗೆ ಬರುತ್ತೇನೆ. ಮೊದಲು ನಾನು ತಂದಿದ್ದು ಹೊರಾಂಗಣಕ್ಕೆಂದು ಔಷಧ ಕುಡಿಸಿದ ಮರ. ಪ್ರದೀಪ ನೋಡಿ ಮೆಲ್ಲಗೆ ಹೇಳಿದ, ಇದು ಬ್ಯಾಡ್ರಿ ಮಾವಾರ, ಇದರಾಗ ತಾಮ್ರ ಇರ್ತದ, ಅಲ್ಯೂಮಿನಿಯಂ ತಿಂದ್ಹಾಕ್ತದ ಎಂದು. ಅವನ ಕೆಲಸವೇ ಅದು, ನಿಜವೇ ಇರಬೇಕು. ವಾಪಸ್ಸು ಕೊಟ್ಟು ದೋಣಿಗೆಂದೇ ಬರುವ ಪ್ಲೈವುಡ್ ತಂದೆ. ಡೆಕ್ ಮೂರು ತುಂಡು. ಮುಂದಿನದು ಬೆಂಚಿನ ಮೇಲೆ ಕೂರುತ್ತದೆ, ಹಿಂದಿನದು ಮೋಟಾರಿನ ಹತ್ತಿರ, ನಡುವಿನದು ಎರಡು ಬೆಂಚುಗಳ ಮಧ್ಯೆ ಇಳಿಯುತ್ತದೆ. ಜಾರದಂತೆ ಅಡಿಯಲ್ಲಿ ಪಟ್ಟಿ, ಎತ್ತಲು ಬೆರಳು ತೂರುವ ತೂತು. ದೋಣಿಗೆ ಒಂದು ಸ್ಕ್ರೂ ಇಲ್ಲ. ಅಂಚಿಗೆಲ್ಲ ರಾಳ ಬಳಿದು ಮೇಲೆ ಕಾರ್ಪೆಟ್ ಅಂಟಿಸಿದೆ. ಶುಕ್ರವಾರ ಸಂಜೆ ಇಬ್ಬರೂ ಒಂದೊಂದು ತುದಿ ಹಿಡಿದು ಇಳಿಸಿ ನೋಡಿದೆವು. ಮುಂದಿನದು ಕೂತಿತು, ಹಿಂದಿನದೂ ಕೂತಿತು. ನಡುವಿನದು ಬೆಂಚಿನ ಮೇಲೆಯೇ ನಿಂತಿತು.

"ಒಂದ್ ಗೇಣು ಜಾಸ್ತಿ ಆಗೇದ್ರಿ. ಅಳತಿ ತಗೊಂಡಿದ್ರಲ್ರಿ?"

ತೆಗೆದುಕೊಂಡಿದ್ದೆ. ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದೂ ಇದ್ದೆ, ಐದಡಿ ಚಿಲ್ಲರೆ ಎಂದು. ಟೇಪು ಹಿಡಿದು ನೋಡಿದೆ. ಹಲಗೆ ಸರಿಯಾಗಿ ಆರಡಿ ಇತ್ತು. ಒಂದು ಮನೆಯನ್ನೂ ವಾಲಿಸದ ಕೈ ಕೊನೆಯ ಕೆಲಸದಲ್ಲಿ ಹೀಗೆ ಮಾಡಿತು. ಪ್ರದೀಪ, ಬೆಳಿಗ್ಗೆ ಕೊಯ್ದರಾಯಿತು ಬಿಡ್ರಿ ಎಂದ. ಆ ಹಲಗೆಯನ್ನು ಮರ ಕೊಯ್ಯುವ ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಹೋದೆವು.

ಶನಿವಾರ ಬೆಳಿಗ್ಗೆ ನಾನು ಗರಗಸಕ್ಕೆ ಹೊಸ ಬ್ಲೇಡ್ ಹಾಕುತ್ತಿದ್ದೆ. ನನ್ನ ದೊಡ್ಡ ಮಗಳು, ಪ್ರದೀಪನ ಹೆಂಡತಿ ಸುಮಾ ಆಸ್ಪತ್ರೆಯ ನೈಟ್ ಶಿಫ್ಟ್ ಮುಗಿಸಿ ಬಂದಳು. ಅವಳು ನರ್ಸು. ಗಂಡ ಹೆಂಡತಿ ಇಬ್ಬರೂ ನಮ್ಮ ಜೊತೆಗೇ ಇದ್ದಾರೆ. ಕಾರಿನಿಂದ ಇಳಿದವಳು ಒಳಗೆ ಹೋಗದೆ ಹಲಗೆಯ ಹತ್ತಿರ ನಿಂತು ಕಾರ್ಪೆಟ್ ಮುಟ್ಟಿದಳು.

"ಡ್ರೈ ಆಗಿದೆಯಾ ಅಪ್ಪಾ?"

"ಆಗಿದೆ. ಒಳಗೆ ಹೋಗಿ ಮಲಗಮ್ಮ, ಮೆಟ್ಟಿಲು ಹತ್ತು."

"ಟೂ ಮೆನಿ ಸ್ಟೆಪ್ಸ್. ಜಸ್ಟ್ ಫೈವ್ ಮಿನಿಟ್ಸ್."

ಬೂಟು ಕೂಡ ಬಿಚ್ಚದೆ ಅದರ ಮೇಲೆ ಅಡ್ಡಾದಳು. ನಾನು ಹೋಗಿ ಸ್ಟ್ಯಾಂಡಿನ ಕಾಲು ಭದ್ರವಾಗಿದೆಯೇ ನೋಡುವಷ್ಟರಲ್ಲಿ ಉಸಿರು ದೀರ್ಘವಾಗಿತ್ತು. ತಲೆಯಿಂದ ಕಾಲಿನವರೆಗೂ ಹಲಗೆ ಅವಳಿಗೆ ಸಾಕಾಗಿ ಸ್ವಲ್ಪ ಮಿಕ್ಕಿತ್ತು. ಹೊರಗೆ ಪ್ರದೀಪ ಟ್ರೇಲರನ್ನು ಗಾಡಿಗೆ ಕಟ್ಟಿ ಇಂಜಿನ್ ಚಾಲೂ ಮಾಡಿದ್ದ. ಬಿಸಿಲೇರುವ ಮುಂಚೆ ನೀರಿಗೆ ಇಳಿಯಬೇಕು ಎಂದು ರಾತ್ರಿಯಿಂದ ಹೇಳುತ್ತಿದ್ದ.

"ಕೊಯ್ಯೂಣೇನ್ರಿ ಮಾವಾರ?"

"ಇವತ್ತು ಆಗಲ್ಲಪ್ಪ. ಹಲಗೆಗೆ ಜ್ವರ."

"ಏನಂದ್ರಿ?" ಎನ್ನುತ್ತ ಒಳಗೆ ಬಂದವನು ಅವಳನ್ನು ನೋಡಿದ. ಹೋಗಿ ಇಂಜಿನ್ ಆರಿಸಿದ. ಸದ್ದಾಗಬಾರದೆಂದು ಗರಾಜಿನ ಬಾಗಿಲನ್ನು ಬಟನ್ ಒತ್ತದೆ ಕೈಯಿಂದಲೇ ಅರ್ಧಕ್ಕೆ ಇಳಿಸಿದ. ಅವಳ ಮುಖದ ಮೇಲಿನ ಬಿಸಿಲು ಸರಿಯಿತು. ನನ್ನ ಪಕ್ಕದಲ್ಲಿ ಬಂದು ನಿಂತು ಪಿಸುಮಾತಿನಲ್ಲಿ ಕೇಳಿದ:

"ಯಾವಾಗ ಇಳೀತದ್ರಿ ಜ್ವರ?"

"ಅದೇ ಎದ್ದಾಗ."

ನಾನು ಬಣ್ಣದ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಕೂತೆ. ಮಂಡಿ ಲಟಕ್ ಎಂದಿತು. ಅವಳಿಗೆ ಎಚ್ಚರವಾಯಿತೇನೋ ಎಂದು ನೋಡಿದೆ, ಆಗಿರಲಿಲ್ಲ. ಗರಗಸದ ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ.